ಅಮೆರಿಕದ ಬುಲೆಟ್ ರೈಲು: ಗಾಡಿ ರೆಡಿ, ದಾರಿಯದ್ದೇ ತಕರಾರು

ಬೇ ಏರಿಯಾದಲ್ಲಿ ನಿಮಗೊಬ್ಬ ಗೆಳೆಯನೋ ಚಿಕ್ಕಪ್ಪನ ಮಗನೋ ಇದ್ದೇ ಇರ್ತಾನೆ. ಅವನಿಗೊಂದು ಮೆಸೇಜ್ ಹಾಕಿ ನೋಡಿ: ‘ವೀಕೆಂಡ್‌ಗೆ ಲಾಸ್ ಏಂಜಲೀಸ್‌ಗೆ ರೈಲಲ್ಲಿ ಹೋಗ್ತೀಯಾ?’ ನಗುವ ಎಮೋಜಿ ಬರುತ್ತೆ. ಕಾರಲ್ಲಿ ಆರು ಗಂಟೆ, ವಿಮಾನದಲ್ಲಿ ಒಂದೂವರೆ ಗಂಟೆ. ರೈಲು? ಓಕ್ಲೆಂಡ್‌ನಿಂದ ನೇರ ಹೋಗೋದು ದಿನಕ್ಕೆ ಒಂದೇ. ಬೆಳಗ್ಗೆ ಹತ್ತಿದರೆ ರಾತ್ರಿ ಊಟದ ಹೊತ್ತಿಗೆ ಇಳೀಬಹುದು. ಹತ್ತಿರ ಹತ್ತಿರ 12 ಗಂಟೆ.

ಇವರಿಗೆ ಆಸೆ ಇಲ್ಲ ಅಂತಲ್ಲ. ಜಪಾನ್ ಬುಲೆಟ್ ರೈಲು ಓಡಿಸಿದ್ದು 1964ರಲ್ಲಿ. ಮರುವರ್ಷವೇ, 1965ರಲ್ಲಿ, ಅಮೆರಿಕ ವೇಗದ ನೆಲಸಾರಿಗೆಗೆ ಅಂತಲೇ ಒಂದು ಕಾನೂನು ಮಾಡಿತು. ಅರವತ್ತು ವರ್ಷ ಕಳೆದರೂ ಎರಡು ದೊಡ್ಡ ಊರುಗಳ ನಡುವೆ ಗಂಟೆಗೆ 300 ಕಿ.ಮೀ. ಓಡುವ ಒಂದು ರೈಲೂ ಅಲ್ಲಿಲ್ಲ. ಮೊರಾಕ್ಕೊದಲ್ಲಿದೆ, 2018ರಿಂದ.

ನಾನು ಕೋಡ್ ಬರೆಯೋನು, ರೈಲ್ವೆಯವನಲ್ಲ. ಆದರೆ ಪ್ರಾಜೆಕ್ಟ್ ಯಾಕೆ ತಡವಾಗುತ್ತೆ ಅಂತ ನಮ್ಮ ಫೀಲ್ಡಿನವರಿಗೆ ಯಾರೂ ಪಾಠ ಮಾಡಬೇಕಿಲ್ಲ. ಈ ಕಥೆಯನ್ನು ಓದುತ್ತಾ ಹೋದಂತೆ ನನಗೆ ಕಂಡದ್ದು ಇಷ್ಟು: ವೇಗದ ಗಾಡಿಯನ್ನು ದುಡ್ಡು ಕೊಟ್ಟರೆ ಯಾರು ಬೇಕಾದರೂ ತರಬಹುದು. ಕಷ್ಟ ಇರೋದು ಹಳಿ ಹಾಯುವ ನೆಲದಲ್ಲಿ, ವರ್ಷ ತಪ್ಪದೆ ಬರಬೇಕಾದ ಹಣದಲ್ಲಿ, ಒಂದೇ ಕೆಲಸಕ್ಕೆ ಇಪ್ಪತ್ತು ವರ್ಷ ಅಂಟಿಕೊಂಡು ಕೂರುವ ತಂಡದಲ್ಲಿ.

ಹೊಸ ಗಾಡಿ, 1873ರ ಸುರಂಗ

ಬಾಸ್ಟನ್–ನ್ಯೂಯಾರ್ಕ್–ವಾಷಿಂಗ್ಟನ್ ದಾರಿ ಅಮೆರಿಕದ ಅತಿ ವೇಗದ ರೈಲು ಮಾರ್ಗ. ಸುಮಾರು 735 ಕಿ.ಮೀ. ಇಲ್ಲಿ ಓಡೋ ಅಸೆಲಾ ರೈಲಿನ ಹೊಸ ಪೀಳಿಗೆ 2021ಕ್ಕೆ ಬರಬೇಕಿತ್ತು, ಬಂದದ್ದು 2025ರ ಆಗಸ್ಟ್‌ನಲ್ಲಿ. ಗರಿಷ್ಠ ವೇಗ ಗಂಟೆಗೆ 257 ಕಿ.ಮೀ. ಕೇಳೋಕೆ ಚೆನ್ನಾಗಿದೆ. ಆದರೆ ಆ ವೇಗ ಸಿಗೋದು ಕೆಲವೇ ತುಂಡುಗಳಲ್ಲಿ. ಪೂರ್ತಿ ಪ್ರಯಾಣಕ್ಕೆ ಆರೂವರೆಯಿಂದ ಏಳು ಗಂಟೆ, ಅಂದರೆ ಸರಾಸರಿ 110 ಕಿ.ಮೀ. ಆಸುಪಾಸು.

ಯಾಕೆ ಅಂದ್ರೆ, ಬಾಲ್ಟಿಮೋರ್‌ನಲ್ಲಿ ಈ ಗಾಡಿ 1873ರ ಸುರಂಗದೊಳಗೆ ನುಗ್ಗಬೇಕು. ಅಲ್ಲಿ ತಿರುವು ಎಷ್ಟು ಬಿಗಿ ಅಂದ್ರೆ ವೇಗ 48 ಕಿ.ಮೀ.ಗೆ ಇಳಿಯುತ್ತೆ. ನ್ಯೂಜೆರ್ಸಿಯಲ್ಲಿ ಹ್ಯಾಕನ್‌ಸಾಕ್ ನದಿಗೆ 1910ರಲ್ಲಿ ಕಟ್ಟಿದ ತಿರುಗುವ ಸೇತುವೆ. ದೋಣಿಗೆ ದಾರಿ ಬಿಡಲು ತೆರೆದುಕೊಂಡು ಮತ್ತೆ ಸರಿಯಾಗಿ ಮುಚ್ಚದಿದ್ದಾಗ ಕೆಲಸಗಾರರು ದೊಡ್ಡ ಸುತ್ತಿಗೆಯಿಂದ ಬಡಿದು ಕೂರಿಸಿದ್ದುಂಟು. (ಪಕ್ಕದಲ್ಲೇ ಹೊಸ ಸೇತುವೆ ಎದ್ದಿದೆ. ಬಾಲ್ಟಿಮೋರ್‌ನಲ್ಲೂ ಹೊಸ ಸುರಂಗದ ಕೆಲಸ ಶುರುವಾಗಿದೆ.) ನ್ಯೂಯಾರ್ಕ್‌ನಿಂದ ವಾಷಿಂಗ್ಟನ್ ಕಡೆಗೆ ಹಳಿಯ ಮೇಲಿನ ವಿದ್ಯುತ್ ತಂತಿಯ ವ್ಯವಸ್ಥೆ ಬಹುಪಾಲು 1930ರ ದಶಕದ್ದು. ಬೇಸಿಗೆಯಲ್ಲಿ ಅದು ಜೋತು ಬೀಳುತ್ತೆ, ಗಾಡಿ ನಿಧಾನ ಮಾಡಬೇಕಾಗುತ್ತೆ. ಮೂವತ್ತು ವರ್ಷ ಹಳೇ ಕೋಡ್ ಮೇಲೆ ಹೊಸ ಆ್ಯಪ್ ಕೂರಿಸಿದವರಿಗೆ ಈ ಸಂಕಟ ಬೇಗ ಅರ್ಥವಾಗುತ್ತೆ. ಮುಟ್ಟೋಕೂ ಆಗಲ್ಲ, ಬಿಡೋಕೂ ಆಗಲ್ಲ, ಯಾಕಂದ್ರೆ ದಿನವೂ ಲಕ್ಷಾಂತರ ಜನ ಅದೇ ದಾರಿಯಲ್ಲಿ ಆಫೀಸಿಗೆ ಹೋಗಬೇಕು.

ಹಳಿ ಯಾರದ್ದು?

ಈ ಪೂರ್ವ ಕರಾವಳಿ ಬಿಟ್ಟು ಹೊರಗೆ ಬಂದರೆ ಸಮಸ್ಯೆಯೇ ಬೇರೆ. ನಮ್ಮಲ್ಲಿ ಹಳಿಯೂ ರೈಲ್ವೆಯದ್ದೇ, ಗಾಡಿಯೂ ರೈಲ್ವೆಯದ್ದೇ. ಅಲ್ಲಿ 1971ರಲ್ಲಿ ಶುರುವಾದ ಆಮ್‌ಟ್ರ್ಯಾಕ್ ಪ್ರಯಾಣಿಕರ ರೈಲು ಓಡಿಸುತ್ತೆ, ಆದರೆ ಹಳಿ ಬಹುತೇಕ ಕಡೆ ಖಾಸಗಿ ಗೂಡ್ಸ್ ಕಂಪನಿಗಳದ್ದು. ಪ್ರಯಾಣಿಕರ ರೈಲಿಗೇ ಮೊದಲ ಆದ್ಯತೆ ಅಂತ ಕಾನೂನೇನೋ ಇದೆ. ಆದರೆ ಗೂಡ್ಸ್ ಗಾಡಿಗಳು ಈಗ ಮೂರು ಕಿ.ಮೀ.ಗಿಂತ ಉದ್ದವೂ ಇರ್ತವೆ. ಕ್ರಾಸಿಂಗ್‌ಗೆ ಅಂತ ಮಾಡಿದ ಲೂಪ್ ಲೈನ್ ಅಷ್ಟು ಉದ್ದ ಇರಲ್ಲ. ಗೂಡ್ಸ್ ಅದರಲ್ಲಿ ಹಿಡಿಸದ ಮೇಲೆ ಪಕ್ಕಕ್ಕೆ ಸರಿಯೋದು ಯಾರು? ಪ್ರಯಾಣಿಕರೇ.

ಶಿಕಾಗೊ–ಸೇಂಟ್ ಲೂಯಿಸ್ ಮಾರ್ಗವನ್ನು ಹೆಚ್ಚು ಕಡಿಮೆ 2 ಬಿಲಿಯನ್ ಡಾಲರ್ ಸುರಿದು, ವರ್ಷಗಟ್ಟಲೆ ರಿಪೇರಿ ಮಾಡಿ, 2023ರಲ್ಲಿ ಗಂಟೆಗೆ 177 ಕಿ.ಮೀ.ಗೆ ತಂದರು. ಒಳ್ಳೆಯ ಕೆಲಸವೇ. ಆದರೆ 457 ಕಿ.ಮೀ.ಗೆ ಈಗಲೂ ಐದು ಗಂಟೆಗೆ ಸ್ವಲ್ಪ ಕಮ್ಮಿ ಅಷ್ಟೇ. ಇನ್ನೂ ವೇಗ ಬೇಕು ಅಂದ್ರೆ 200 ಕಿ.ಮೀ. ದಾಟಿದ ಮೇಲೆ ಒಂದು ರೈಲ್ವೆ ಗೇಟೂ ಇರಬಾರದು ಅನ್ನೋದು ನಿಯಮ. ಪ್ರತಿ ರಸ್ತೆಗೂ ಮೇಲ್ಸೇತುವೆಯೋ ಅಂಡರ್‌ಪಾಸೋ ಆಗಬೇಕು.

ಹಣದ ಕಥೆಗೆ ವಿಸ್ಕಾನ್ಸಿನ್ ನೋಡಿ. 2009ರಲ್ಲಿ ಒಬಾಮ ಸರ್ಕಾರ ವೇಗದ ರೈಲಿಗೆ 8 ಬಿಲಿಯನ್ ಡಾಲರ್ ತೆಗೆದಿಟ್ಟಿತು. ಮರುವರ್ಷ ಚುನಾವಣೆ. ವಿಸ್ಕಾನ್ಸಿನ್, ಒಹಾಯೊ, ಫ್ಲೋರಿಡಾಗಳಲ್ಲಿ ಗೆದ್ದ ಹೊಸ ಗವರ್ನರ್‌ಗಳು ‘ನಮಗೆ ಬೇಡ’ ಅಂದುಬಿಟ್ಟರು. ವಿಸ್ಕಾನ್ಸಿನ್ ಒಂದೇ ಬಿಟ್ಟದ್ದು 810 ಮಿಲಿಯನ್. ಆ ರಾಜ್ಯಕ್ಕೆ ಅಂತ ಮಿಲ್ವಾಕಿಯಲ್ಲೇ ತಯಾರಾಗಿದ್ದ ಎರಡು ಹೊಚ್ಚಹೊಸ ಟಾಲ್ಗೊ ರೈಲುಗಳು ವರ್ಷಗಟ್ಟಲೆ ಯಾರ್ಡ್‌ನಲ್ಲಿ ನಿಂತಿದ್ದವು. ಕೊನೆಗೆ 2022ರಲ್ಲಿ ಅವನ್ನು ಕೊಂಡದ್ದು ನೈಜೀರಿಯಾದ ಲಾಗೋಸ್!

ಹೆದ್ದಾರಿಗೆ ಹೀಗಾಗಲ್ಲ. 1956ರಿಂದ ಪೆಟ್ರೋಲ್ ತೆರಿಗೆಯ ಹಣ ಹೆದ್ದಾರಿಗೇ ಅಂತ ಪ್ರತ್ಯೇಕ ನಿಧಿ ಇದೆ. ಇಂಟರ್‌ಸ್ಟೇಟ್ ರಸ್ತೆಗಳ ನಿರ್ಮಾಣದ ಖರ್ಚಿನಲ್ಲಿ ನೂರಕ್ಕೆ 90 ಭಾಗವನ್ನು ಕೇಂದ್ರವೇ ಕೊಟ್ಟಿತು. ರೈಲಿಗೆ ಅಂಥ ನಿಧಿ ಇಲ್ಲ, ಪ್ರತಿ ಬಜೆಟ್‌ಗೂ ಕೈ ಚಾಚಬೇಕು.

ಬಾದಾಮಿ ತೋಟದ ನಡುವೆ

ಬೇರೆಯವರು ಬೇಡ ಅಂದ ಹಣದಲ್ಲಿ ಒಂದಿಷ್ಟು ಹೋದದ್ದು ಕ್ಯಾಲಿಫೋರ್ನಿಯಾಗೆ. ಅಲ್ಲಿನ ಮತದಾರರು 2008ರ ನವೆಂಬರ್‌ನಲ್ಲಿ 9.95 ಬಿಲಿಯನ್ ಡಾಲರ್ ಬಾಂಡ್‌ಗೆ ಒಪ್ಪಿಗೆ ಕೊಟ್ಟಿದ್ದರು. ಸ್ಯಾನ್ ಫ್ರಾನ್ಸಿಸ್ಕೊದಿಂದ ಲಾಸ್ ಏಂಜಲೀಸ್‌ಗೆ 2 ಗಂಟೆ 40 ನಿಮಿಷ ಅಂತ ಕಾನೂನಿನಲ್ಲೇ ಬರೆದರು. ಒಟ್ಟು ಖರ್ಚು ಸುಮಾರು 33 ಬಿಲಿಯನ್, ಮುಗಿಯೋದು 2020ಕ್ಕೆ ಅಂತ ಅಂದಾಜು. ಲೆಕ್ಕ ನೋಡಿ: ಕೈಯಲ್ಲಿದ್ದದ್ದು ಮೂರನೇ ಒಂದು ಭಾಗಕ್ಕೂ ಕಮ್ಮಿ. ಉಳಿದದ್ದು ಎಲ್ಲಿಂದ ಅನ್ನೋದಕ್ಕೆ ‘ಹೇಗಾದರೂ ಬರುತ್ತೆ’ ಅನ್ನೋ ಧೈರ್ಯ.

ಕೇಂದ್ರದ ಹಣಕ್ಕೆ ಎರಡು ಷರತ್ತು. ಸೆಂಟ್ರಲ್ ವ್ಯಾಲಿಯಲ್ಲೇ ಕೆಲಸ ಶುರುವಾಗಬೇಕು, 2017ರೊಳಗೆ ಖರ್ಚಾಗಬೇಕು. ಡೆಡ್‌ಲೈನ್ ಒತ್ತಡದಲ್ಲಿ ಏನಾಗುತ್ತೆ ಅಂತ ನಮಗೆ ಗೊತ್ತಲ್ಲ. ಜಮೀನು ಕೈಗೆ ಬರುವ ಮುಂಚೆಯೇ, 2013ರಲ್ಲಿ, ಮೊದಲ ಗುತ್ತಿಗೆಗೆ ಸಹಿ ಬಿತ್ತು. 2015ರ ಜನವರಿಯಲ್ಲಿ ಫ್ರೆಸ್ನೊದಲ್ಲಿ ಗುದ್ದಲಿ ಪೂಜೆ ಆಯ್ತು. ಮೊದಲ 190 ಕಿ.ಮೀ.ಗೇ ಬೇಕಾದದ್ದು 2 ಸಾವಿರಕ್ಕೂ ಹೆಚ್ಚು ತುಂಡು ಜಮೀನು. ತೋಟ ಎರಡು ಭಾಗವಾಗುವ ರೈತ, ಶೆಡ್ ಹೋಗುವ ವ್ಯಾಪಾರಿ, ಎಲ್ಲರ ಜೊತೆ ಮಾತುಕತೆ, ಆಗದಿದ್ದರೆ ಕೋರ್ಟ್. ನೆಲದಡಿಯ ಗ್ಯಾಸ್ ಪೈಪ್, ಕೇಬಲ್, ನೀರಾವರಿ ಕಾಲುವೆ ಬೇರೆ. ಜಾಗ ಸಿಗದೆ ಕೂತ ಗುತ್ತಿಗೆದಾರ ಪರಿಹಾರ ಕೇಳದೆ ಬಿಡ್ತಾನಾ? ರಾಜ್ಯದ ಆಡಿಟರ್ 2018ರ ವರದಿಯಲ್ಲಿ ಇದನ್ನೇ ಎತ್ತಿ ತೋರಿಸಿದರು: ತಯಾರಿ ಮುಗಿಯುವ ಮುಂಚೆ ಕೆಲಸ ಶುರುಮಾಡಿದ್ದೇ ಖರ್ಚು ಏರಲು ಕಾರಣ ಅಂತ.

ಬಯಲಲ್ಲಿ ಐ-5 ಹೆದ್ದಾರಿ ಪಕ್ಕ ನೇರ ಎಳೆದಿದ್ದರೆ ಸುಲಭ ಇತ್ತು ಅನ್ನುವವರಿದ್ದಾರೆ. ಇರಬಹುದು. ಆದರೆ ಐದು ಲಕ್ಷ ಜನರ ಫ್ರೆಸ್ನೊವನ್ನು ಬಿಟ್ಟು ಖಾಲಿ ಬಯಲಲ್ಲಿ ಓಡುವ ರೈಲಿಗೆ ಆ ಊರಿನವರು ಯಾಕೆ ತೆರಿಗೆ ಕೊಡಬೇಕು? ನನಗೆ ದಾರಿಯ ಆಯ್ಕೆ ತಪ್ಪು ಅನಿಸಲ್ಲ. ತಪ್ಪು ಅನಿಸೋದು ಬೇರೆ: ಇಷ್ಟು ದೊಡ್ಡ ಕೆಲಸಕ್ಕೆ ಕೂತ ಸರ್ಕಾರಿ ಸಂಸ್ಥೆಯಲ್ಲಿ ಮೊದಮೊದಲು ಸ್ವಂತ ನೌಕರರು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಕನ್ಸಲ್ಟೆಂಟ್‌ಗಳ ಕೈಯಲ್ಲಿ. ಕನ್ಸಲ್ಟೆಂಟ್ ಕೊಟ್ಟ ಅಂದಾಜು ಸರಿಯಾ ಅಂತ ನೋಡೋಕೂ ಮನೆಯೊಳಗೆ ಒಬ್ಬ ಅನುಭವಸ್ಥ ಬೇಕಲ್ವಾ? ಜಪಾನ್, ಫ್ರಾನ್ಸ್, ಸ್ಪೇನ್‌ನಲ್ಲಿ ಒಂದು ಮಾರ್ಗ ಮುಗಿಸಿದವರು ಮುಂದಿನದಕ್ಕೆ ಹೋಗ್ತಾರೆ. ಕಲಿತದ್ದು ತಂಡದಲ್ಲೇ ಉಳಿಯುತ್ತೆ. ಅಮೆರಿಕದಲ್ಲಿ ಪ್ರತಿ ರಾಜ್ಯವೂ ಮೊದಲನೇ ಪಾಠದಿಂದ ಶುರು.

ಪರಿಸರ ಅನುಮತಿಯದ್ದು ಇನ್ನೊಂದು ಪುರಾಣ. ಸ್ಯಾನ್ ಫ್ರಾನ್ಸಿಸ್ಕೊದಿಂದ ಲಾಸ್ ಏಂಜಲೀಸ್‌ವರೆಗಿನ ಪೂರ್ತಿ ದಾರಿಗೆ ಅದು ಸಿಕ್ಕಿದ್ದು 2024ರ ಜೂನ್‌ನಲ್ಲಿ, ಮತ ಹಾಕಿ ಸುಮಾರು 16 ವರ್ಷ ಆದ ಮೇಲೆ. ಡೀಸೆಲ್ ಹೊಗೆ ಕಮ್ಮಿ ಮಾಡೋ ವಿದ್ಯುತ್ ರೈಲಿಗೆ! ನಾವೇನು ದೊಡ್ಡ ನಗು ನಗಬೇಕಿಲ್ಲ, ಬಿಡಿ. 2017ರಲ್ಲಿ ಗುದ್ದಲಿ ಪೂಜೆಯಾದ ನಮ್ಮ ಮುಂಬೈ–ಅಹಮದಾಬಾದ್ ಬುಲೆಟ್ ರೈಲೂ ಮಹಾರಾಷ್ಟ್ರದ ಭೂಸ್ವಾಧೀನದಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತ್ತು.

ಜಮೀನಿನ ಗೋಜೇ ಬೇಡ ಅಂತ ಬ್ರೈಟ್‌ಲೈನ್ ವೆಸ್ಟ್ ಅನ್ನೋ ಖಾಸಗಿ ಕಂಪನಿ ಲಾಸ್ ವೇಗಸ್ ಮಾರ್ಗವನ್ನು ಹೆದ್ದಾರಿಯ ನಡುವಿನ ಖಾಲಿ ಜಾಗದಲ್ಲೇ ಹಾಕ್ತಿದೆ. 350 ಕಿ.ಮೀ., 2024ರ ಏಪ್ರಿಲ್‌ನಲ್ಲಿ ಶುರು. ಜಾಣತನವೇ. ಆದರೆ ಹೆದ್ದಾರಿಯ ತಿರುವು, ಏರುಗಳು ರೈಲಿಗೂ ಬರ್ತವೆ. ಇನ್ನೊಂದು ತುದಿ ಲಾಸ್ ಏಂಜಲೀಸ್ ಅಲ್ಲ, ಅದರ ಪೂರ್ವಕ್ಕೆ 60 ಕಿ.ಮೀ. ಆಚೆಯ ರ‍್ಯಾಂಚೊ ಕುಕಮಾಂಗ. ಅಂದಾಜು ಖರ್ಚು ಈಗಾಗಲೇ 20 ಬಿಲಿಯನ್ ದಾಟಿದೆ.

ಕ್ಯಾಲಿಫೋರ್ನಿಯಾ ಯೋಜನೆಯ ಖರ್ಚಿಗೆ 2024ರ ಅಂದಾಜಿನಲ್ಲಿ ಮೇಲಿನ ಮಿತಿ 128 ಬಿಲಿಯನ್ ಇತ್ತು. 2025ರ ಜುಲೈನಲ್ಲಿ ಕೇಂದ್ರ 4 ಬಿಲಿಯನ್ ಅನುದಾನ ರದ್ದು ಮಾಡಿತು. ಸೆಪ್ಟೆಂಬರ್‌ನಲ್ಲಿ ರಾಜ್ಯ ತನ್ನದೇ ಇಂಗಾಲ ಹರಾಜಿನ ಹಣದಿಂದ 2045ರವರೆಗೆ ವರ್ಷಕ್ಕೆ 1 ಬಿಲಿಯನ್ ಕೊಡೋ ಕಾನೂನು ಮಾಡಿತು. ನನ್ನ ಮಟ್ಟಿಗೆ ಈ ಹದಿನೇಳು ವರ್ಷದಲ್ಲಿ ಬಂದ ಅತಿ ಮುಖ್ಯ ಸುದ್ದಿ ಅದು, ಯಾಕಂದ್ರೆ ಮುಂದಿನ ವರ್ಷ ಸಂಬಳ ಇರುತ್ತೆ ಅಂತ ಗೊತ್ತಿದ್ದರೆ ಮಾತ್ರ ಒಳ್ಳೆ ಎಂಜಿನಿಯರ್ ಉಳಿದುಕೊಳ್ತಾನೆ. ಸದ್ಯದ ಗುರಿ ಬಯಲಿನ ಮರ್ಸೆಡ್–ಬೇಕರ್ಸ್‌ಫೀಲ್ಡ್ ನಡುವಿನ 275 ಕಿ.ಮೀ. ಆಮೇಲೆ ಎರಡೂ ಕಡೆ ಬೆಟ್ಟ. ಉತ್ತರದ ಪಚೆಕೊ ಕಣಿವೆಯಲ್ಲಿ ಒಂದು ಸುರಂಗವೇ 20 ಕಿ.ಮೀ.ಗಿಂತ ಉದ್ದ. ಅದನ್ನು ಕೊರೆಯೋ ಕೆಲಸ ಇನ್ನೂ ಶುರುವಾಗಿಲ್ಲ.