ಬಾಸಿಗ, ಕೊಡೆ, ಕತ್ತರಿ: ಚೆನ್ನೈಯ ಹಬ್ಬ-ಮದುವೆಗಳಲ್ಲಿ ಕಾಗದದ ಕೆಲಸ

ಚೀನದ ಜನಪದರು ಕಾಗದ ಕತ್ತರಿಸಿ ರೂಪಿಸುವ ಚಿತ್ರಗಳು ವಿದ್ವಲ್ಲೋಕಕ್ಕೆ ಸುಪರಿಚಿತ. ತುರ್ಫಾನಿನ ಬಳಿ ಅಸ್ತಾನದ ಸಮಾಧಿಗಳಲ್ಲಿ ದೊರೆತ ಕ್ರಿ.ಶ. 6ನೆಯ ಶತಮಾನದ ಮಾದರಿಗಳು ಈ ಕಲೆಯ ಪ್ರಾಚೀನತೆಯನ್ನು ಸಾರುತ್ತವೆ. ಹೊಸವರ್ಷದಲ್ಲಿ ಕಿಟಕಿಗೆ ಅಂಟಿಸುವ ಕೆಂಪು ಹೂಗಳು, ಮದುವೆಮನೆಯಲ್ಲಿ ಕಾಣುವ 'ಜೋಡಿ ಸಂತೋಷ'ದ ಅಕ್ಷರ ಇಂದಿಗೂ ಬಳಕೆಯಲ್ಲಿವೆ. 2009ರಲ್ಲಿ ಯುನೆಸ್ಕೊ ಈ ಕಲೆಯನ್ನು ತನ್ನ ಪಟ್ಟಿಗೆ ಸೇರಿಸಿತು. ಉತ್ತರದ ಮಥುರಾ-ವೃಂದಾವನಗಳ ಸಾಂಝಿಯನ್ನು ಬಿಟ್ಟರೆ ಭಾರತದಲ್ಲಿ ಇದಕ್ಕೆ ಸಮಾನವಾದುದು ವಿರಳ, ದಕ್ಷಿಣದಲ್ಲಂತೂ ಇಲ್ಲ ಎಂಬ ಮಾತನ್ನು ನಾವು ಆಗಾಗ ಕೇಳಿದ್ದೇವೆ. ಅದನ್ನು ಒಪ್ಪುವುದು ಕಷ್ಟ.

ವಿನಾಯಕ ಚತುರ್ಥಿಯ ಮುನ್ನಾದಿನ ಚೆನ್ನೈಯ ಮೈಲಾಪುರದ ಮಾಡಬೀದಿಗಳಲ್ಲಿ ಸುತ್ತಿದವರಿಗೆ ಮಣ್ಣಿನ ಮೂರ್ತಿ, ಎಕ್ಕದ ಹೂವಿನ ಮಾಲೆಗಳ ಜೊತೆಗೆ ಬಣ್ಣಬಣ್ಣದ ಕಾಗದದ ಪುಟ್ಟ ಕೊಡೆಗಳು ಕಣ್ಣಿಗೆ ಬೀಳುತ್ತವೆ. ಕಾಗದವನ್ನು ಮಡಿಸಿ ಕತ್ತರಿಸಿ, ಅಂಚಿಗೆ ಜಾಲರಿಯನ್ನು ಅಂಟಿಸಿ, ಬಿದಿರುಕಡ್ಡಿಗೆ ಸಿಕ್ಕಿಸುತ್ತಾರೆ. ಮಡಿಕೆಯ ಮೇಲೆ ಒಮ್ಮೆ ಆಡಿದ ಕತ್ತರಿಯಿಂದ, ಬಿಡಿಸಿದಾಗ ಹಲವು ಸಮರೂಪಗಳು ಮೂಡುವ ಈ ತಂತ್ರ ಚೀನದ ಕತ್ತರಿಗೂ ನಮ್ಮ ಕತ್ತರಿಗೂ ಒಂದೇ. ತಮಿಳಿನ 'ಕುಡೈ', ಕನ್ನಡದ 'ಕೊಡೆ' ಒಂದೇ ಮೂಲದವು. ಬೆಳ್ಗೊಡೆಯನ್ನು ಅರಸುತನದ ಚಿಹ್ನೆಯೆಂದು ವರ್ಣಿಸುವ ನಮ್ಮ ಮಧ್ಯಕಾಲೀನ ಕಾವ್ಯಗಳನ್ನು ಓದಿದವರಿಗೆ, ಬೀದಿಬದಿಯ ಈ ಕೊಡೆ ಕೇವಲ ಆಟಿಕೆಯಾಗಿ ತೋರಲಾರದು.

ಇನ್ನೂ ವಿಚಾರಣೀಯವಾದುದು ಮದುವೆಯಲ್ಲಿ ವಧೂವರರ ಹಣೆಗೆ ಕಟ್ಟುವ ಬಾಸಿಂಗ. ಚೆನ್ನೈಯ ಕನ್ನಡ, ತೆಲುಗು ಮನೆತನಗಳಲ್ಲಿಯೂ ಇದು ಉಳಿದಿದೆ. ಬೆಂಡನ್ನು ತೆಳುವಾಗಿ ಕೊಯ್ದು, ಬಣ್ಣದ ಕಾಗದ, ಬೇಗಡೆ, ಮಣಿಗಳನ್ನು ಅಂಟಿಸಿ ಇದನ್ನು ಸಿದ್ಧಪಡಿಸುತ್ತಾರೆ. ಆದರೆ ಹಳಗನ್ನಡದಲ್ಲಿ 'ಬಾಸಿಗ'ವೆಂದರೆ ತಲೆಗೆ ಮುಡಿಯುವ ಹೂವಿನ ದಂಡೆ. ತಮಿಳಿನ 'ವಾಸಿಗೈ', ತೆಲುಗಿನ 'ಬಾಸಿಕಮು' ಇದರ ಬಂಧುಗಳು. ಹೂವಿನ ಜಾಗಕ್ಕೆ ಬೆಂಡು, ಕಾಗದಗಳು ಬಂದರೂ ಹೆಸರು ಬದಲಾಗಲಿಲ್ಲವೆಂದು ನಾವು ಊಹಿಸುತ್ತೇವೆ. ತೋರಣದ ಕತೆಯೂ ಹತ್ತಿರದ್ದೇ. ಮಾವಿನೆಲೆ, ತೆಂಗಿನ ಎಳೆಗರಿಗಳ ಪಕ್ಕದಲ್ಲಿ ಕಾಗದದ ತೋರಣ ಬಂತು. ಅದನ್ನು ಕರೆದದ್ದು ಹಳೆಯ ಹೆಸರಿನಿಂದಲೇ. ತುಳುನಾಡಿನ ದೈವಾರಾಧನೆಯಲ್ಲಿ ಎಳೆಗರಿಯನ್ನು ಸೀಳಿ ಉಡುಗೆಯಾಗಿಸುವ ಕೈಚಳಕವನ್ನು ಕಂಡವರು, ಕತ್ತರಿಗಿಂತ ಮೊದಲೇ ಈ ವಿದ್ಯೆ ನಮ್ಮಲ್ಲಿತ್ತೆಂಬುದನ್ನು ಸುಲಭವಾಗಿ ಒಪ್ಪುತ್ತಾರೆ.

ಹೀಗೆ ಕಾಗದವು ಹೂವು-ಎಲೆಗಳ ಹೆಸರಿನಲ್ಲಿ ಅಡಗಿಕೊಂಡದ್ದರಿಂದ ಅದಕ್ಕೆ ಪ್ರತ್ಯೇಕ ಕಲೆಯೆಂಬ ಗಣನೆ ಸಿಗಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಕೊಡೆ ಮೂರ್ತಿಯೊಡನೆ ಒಂದೆರಡು ದಿನ ಇದ್ದು ಹೋಗುತ್ತದೆ. ಬಾಸಿಂಗ ಶಾಸ್ತ್ರ ಮುಗಿದೊಡನೆ ಮೂಲೆ ಸೇರುತ್ತದೆ. ವಸ್ತುಸಂಗ್ರಹಾಲಯಕ್ಕೆ ಉಳಿಯುವುದೇನು? ಉಳಿಯಬಹುದಾದುದು ಮಾತು ಮಾತ್ರ, ಅದಕ್ಕೂ ಈಗ ಅಪಾಯ ಒದಗಿದೆ. ಬೆಂಡಿನ ಬದಲು ಥರ್ಮಾಕೋಲ್, ಬೇಗಡೆಯ ಬದಲು ಪ್ಲಾಸ್ಟಿಕ್ ಹಾಳೆ ಬಂದಿವೆ. 'ಬೇಗಡೆ' ಎಂದರೇನೆಂದು ನಮ್ಮ ತರಗತಿಯಲ್ಲಿ ಕೇಳಿದರೆ ಉತ್ತರ ಬರುವುದು ಅಪರೂಪ. (ನಿಘಂಟನ್ನು ನೋಡಿ ಹೇಳುವವರನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.)

ಹೊರರಾಜ್ಯಗಳ ಸಂಶೋಧಕರಲ್ಲಿ ನಮ್ಮದೊಂದು ವಿನಂತಿಯಿದೆ. ತಾವಿರುವ ಊರಿನ ಕನ್ನಡ ಮನೆಗಳಲ್ಲಿ ಮದುವೆಯ ಬಾಸಿಂಗವನ್ನು ಯಾವುದರಿಂದ ಮಾಡುತ್ತಾರೆ, ಅದರ ಭಾಗಗಳನ್ನು ಏನೆಂದು ಕರೆಯುತ್ತಾರೆ ಎಂಬುದನ್ನು, ಕಟ್ಟುವವರ ಬಾಯಿಂದಲೇ ಕೇಳಿ, ಅವರ ಉಚ್ಚಾರಣೆಯಲ್ಲಿಯೇ ಬರೆದಿಡಬೇಕು. ಗ್ರಾಂಥಿಕ ರೂಪಕ್ಕೆ ತಿದ್ದುವ ಕೆಲಸವನ್ನು ಆಮೇಲೆ ಮಾಡಿದರಾಯಿತು.