ಗೊಬ್ಬರದೊಡನೆ ಬರುವ ಕಳೆ

ಮಹಾನಗರದಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಅಲ್ಪಸ್ವಲ್ಪ ಜಮೀನು ಉಂಟು. ಇಲ್ಲದವರ ಬಾಲ್ಕನಿಯಲ್ಲಿಯೂ ತುಳಸಿ, ಮಲ್ಲಿಗೆಯ ನಾಲ್ಕು ಕುಂಡಗಳಿರುತ್ತವೆ. ಎರಡಕ್ಕೂ ಕೊಟ್ಟಿಗೆ ಗೊಬ್ಬರವೇ ಶ್ರೇಷ್ಠವೆಂಬುದು ಹಿರಿಯರ ಮಾತು. ಮಾತು ನಿಜವೇ. ಆದರೆ ಗೊಬ್ಬರ ಹಾಕಿದ ಕೆಲವೇ ದಿನಗಳಲ್ಲಿ ನಾವು ಬಿತ್ತದ ಸಸಿಗಳು ತಲೆಯೆತ್ತುವುದೇಕೆ?

ದನವು ಮೇವಿನೊಡನೆ ಕಳೆಗಳ ಬೀಜಗಳನ್ನೂ ನುಂಗುತ್ತದೆ. ಅವುಗಳಲ್ಲಿ ಕೆಲವು ಮೆಲುಕಿನಲ್ಲಿ ನುಚ್ಚಾಗುತ್ತವೆ, ಕೆಲವು ಜೀರ್ಣವಾಗುತ್ತವೆ. ಗಟ್ಟಿ ಸಿಪ್ಪೆಯವು ಜೀವಸಹಿತವಾಗಿ ಸೆಗಣಿಯಲ್ಲಿ ಹೊರಬೀಳುತ್ತವೆ. ನಮ್ಮ ಒಣಸೀಮೆಯಲ್ಲಿ ಬಳ್ಳಾರಿ ಜಾಲಿ ಹಬ್ಬಲು ಇದೂ ಒಂದು ಕಾರಣ. ಅದರ ಸಿಹಿಯಾದ ಕಾಯನ್ನು ದನಕರು, ಆಡುಗಳು ತಿನ್ನುತ್ತವೆ. ಬೀಜ ಅವುಗಳೊಡನೆ ದೂರ ಸಾಗುತ್ತದೆ.

ದನ ಸಾಮಾನ್ಯವಾಗಿ ಮೂಸಿಯೂ ನೋಡದ ಕಳೆಗಳು ಬೇರೆ ದಾರಿಯಿಂದ ತಿಪ್ಪೆ ಸೇರುತ್ತವೆ. ಕಾಂಗ್ರೆಸ್ ಗಿಡವೆಂದು ಜನ ಕರೆಯುವ ಪಾರ್ಥೇನಿಯಂ ಅಂತಹುದು. ಅಮೆರಿಕ ಖಂಡದ ಈ ಸಸ್ಯ 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು, ಮುಂದೆ ಕರ್ನಾಟಕವನ್ನೂ ವ್ಯಾಪಿಸಿತು. ಚೆನ್ನಾಗಿ ಬೆಳೆದ ಒಂದೇ ಗಿಡ 10,000ಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲದು. ಹೂಬಿಟ್ಟ ಗಿಡವನ್ನು ಕಿತ್ತು ತಿಪ್ಪೆಗೆ ಎಸೆದರೆ, ಮುಂದೆ ಗೊಬ್ಬರದೊಡನೆ ನಾವೇ ಅದನ್ನು ಹೊಲಕ್ಕೆ ಬಿತ್ತಿದಂತಾಗುತ್ತದೆ.

ಹಾನಿ ಬೆಳೆಗಷ್ಟೇ ಅಲ್ಲ. ಈ ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತುವಿನಿಂದ ಬರಿಗೈಯಲ್ಲಿ ಕಳೆ ಕೀಳುವ ಹಲವರಿಗೆ ತುರಿಕೆ, ಉರಿ, ದದ್ದುಗಳು ಉಂಟಾಗುತ್ತವೆ. ಪರಾಗದಿಂದ ಕೆಲವರಿಗೆ ಸೀನು, ಉಬ್ಬಸ ಬರುವುದುಂಟು. ಕಳೆ ಕೀಳುವ ಕೆಲಸ ಹೆಚ್ಚಾಗಿ ಹೆಂಗಸರದೆಂಬುದನ್ನು ಮರೆಯಬಾರದು.

ಪರಿಹಾರವೆಂದರೆ ಶಾಖ ಮತ್ತು ತೇವ. ಹಸಿ ಸೆಗಣಿ, ಕಸಕಡ್ಡಿಗಳನ್ನು ಒಟ್ಟಾಗಿ ರಾಶಿ ಹಾಕಿದಾಗ ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಒಳಗಿನ ಉಷ್ಣತೆ 55ರಿಂದ 60 ಡಿಗ್ರಿ ಸೆಲ್ಸಿಯಸ್ಸಿಗೆ ಏರಬಲ್ಲದು. ತೇವವಿರುವ ರಾಶಿಯಲ್ಲಿ ಈ ಶಾಖ ಕೆಲವು ದಿನ ನಿಂತರೆ ಬಹುತೇಕ ಕಳೆಬೀಜಗಳು ಸಾಯುತ್ತವೆ. ಒಣಗಿದ ಬೀಜವಾದರೋ ಶಾಖವನ್ನು ಹೆಚ್ಚು ತಾಳಿಕೊಳ್ಳುತ್ತದೆ. ರಾಶಿಯ ಹೊರಮೈ ಕಾಯದಿರುವುದರಿಂದ ಅದನ್ನು ಆಗಾಗ್ಗೆ ಮಗುಚಿ, ಹೊರಗಿನದನ್ನು ಒಳಗೆ ತರಬೇಕು. 1924ರಿಂದ 1931ರವರೆಗೆ ಇಂದೋರಿನಲ್ಲಿ ಆಲ್ಬರ್ಟ್ ಹೋವರ್ಡರು ರೂಪಿಸಿದ ಕಾಂಪೋಸ್ಟ್ ಪದ್ಧತಿಯಲ್ಲಿಯೂ ಮಗುಚುವುದೇ ಮುಖ್ಯ ಕ್ರಮ. ದಿನಕ್ಕೊಂದು ಬುಟ್ಟಿ ಸುರಿದು ಬಿಸಿಲಿಗೆ ಬಿಟ್ಟ ತಿಪ್ಪೆ, ವರ್ಷ ಕಳೆದರೂ ಹೀಗೆ ಕಾಯುವುದು ಕಷ್ಟ.

ಪರೀಕ್ಷೆಯೂ ಸುಲಭ. ಒಂದು ಕುಂಡದಲ್ಲಿ ಗೊಬ್ಬರ ತುಂಬಿ, ನೀರು ಚಿಮುಕಿಸಿ, ಎರಡು ಮೂರು ವಾರ ಕಾಯಿರಿ. ಕಳೆ ಮೊಳೆತರೆ ಆ ಗೊಬ್ಬರ ಇನ್ನೂ ಸಿದ್ಧವಾಗಿಲ್ಲ.

ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಮಾಗದ ಗೊಬ್ಬರ ಚಕ್ರಬಡ್ಡಿಯ ಸಾಲವಿದ್ದಂತೆ. ಒಂದು ವರ್ಷದ ಉದಾಸೀನಕ್ಕೆ ಹಲವು ವರ್ಷ ಕೂಲಿ ತೆರಬೇಕಾಗುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಜಮೀನು ನೋಡಿಕೊಳ್ಳುವವರಿಗೆ ಎರಡು ಮಾತು ಹೇಳೋಣ: ಕಾಂಗ್ರೆಸ್ ಗಿಡವನ್ನು ಹೂಬಿಡುವ ಮೊದಲೇ, ಕೈಗೆ ಗವಸು ತೊಟ್ಟು ಕೀಳಿರಿ, ತಿಪ್ಪೆಗೆ ನೀರು ಹಾಕಿ ಮಗುಚಿರಿ.