ನೆಟ್ಟವರು ಬಹಳ, ಕಾಯೋರು ಯಾರು?

ನಿಪ್ಪಾಣಿ: ಸಂಕೇಶ್ವರದ ಬಸ್ಸು ತವಂದಿ ಘಾಟ್ ಏರುವಾಗ ಕಿಟಕಿಯಿಂದ ತಂಪು ಗಾಳಿ ಬಡಿದರೆ ಜೀವಕ್ಕೆ ಹಿತ. ಆ ತಂಪು ಗುಡ್ಡದ ಗಿಡಗಳದ್ದು. ಆದರೆ ಗಿಡಗಳ ಮಾತು ತೆಗೆದರೆ, "ಫಾರೆಸ್ಟ್‌ನವರು ನೋಡ್ಕೋತಾರ ಬಿಡ್ರಿ" ಎನ್ನುವವರೇ ಎಲ್ಲರೂ!

ಶಿರಸಿ ಕಡೆಯ ಸಾಲ್ಕಣಿ ಜನ ಹಾಗೆ ಬಿಡಲಿಲ್ಲ. 1983ರ ಸೆಪ್ಟೆಂಬರ್ 8ರಂದು ಗಂಡಸರು, ಹೆಂಗಸರು, ಮಕ್ಕಳು ಮೈಲುಗಟ್ಟಲೆ ನಡೆದು ಕಳಸೆ ಕಾಡಿಗೆ ಹೋದರು. ಕೊಡಲಿ ಬೀಳಬೇಕಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. 38 ದಿನ ಪಟ್ಟು ಬಿಡಲಿಲ್ಲ. ಕಡಿಯುವುದು ನಿಂತಿತು. ಅದೇ ಪಾಂಡುರಂಗ ಹೆಗಡೆಯವರ ಮುಂದಾಳತ್ವದ ಅಪ್ಪಿಕೋ ಚಳವಳಿ. ಬಳಿಕ ಕಾಡುಹಾದಿಯಲ್ಲೇ ಪಾದಯಾತ್ರೆ ಮಾಡಿದರು, ಸಸಿ ಬೆಳೆಸಿದರು. ಓಡಾಡಿದ ಕಾಡಿನ ಮೇಲೆ ಕಣ್ಣಿರುತ್ತದೆ. ಕಣ್ಣಿದ್ದ ಕಡೆ ಕಳ್ಳತನ ಕಡಿಮೆ.

ನಮ್ಮಲ್ಲೋ? 1950ರಿಂದ ವನಮಹೋತ್ಸವ ನಡೆದೇ ಇದೆ. ಮಳೆಗಾಲದಲ್ಲಿ ಸಸಿ, ಫೋಟೋ, ಚಹಾ. ಬೇಸಿಗೆಯಲ್ಲಿ ಆ ಸಸಿಯ ಗತಿ ಕೇಳೋರಿಲ್ಲ. ಬೀಡಿ ಊರಿನವರಿಗೆ ಬೇರೆ ಹೇಳಬೇಕೇ? ಆರಿಸದೆ ಎಸೆದ ಒಂದು ಮೋಟು ಬೀಡಿ ಸಾಕು, ಒಣಹುಲ್ಲಿನ ಗುಡ್ಡ ಬೂದಿಯಾಗಲು.

ರವಿವಾರ ಗುಡ್ಡಕ್ಕೆ ಹೋಗುವವರು ಹಾಯಾಗಿ ತಿರುಗಾಡಲಿ. ಇಳಿಯುವಾಗ ಪ್ಲಾಸ್ಟಿಕ್ ಆರಿಸಿ ತರಲಿ. ಹೊಗೆ ಕಂಡರೆ ಇಲಾಖೆಗೆ ಸುದ್ದಿ ಮುಟ್ಟಿಸಲಿ. ಇದಕ್ಕೇನು ರೊಕ್ಕ ಬೇಕೇ?